ಇಂಗ್ಲೆಂಡಿನ ಒಂದು ಹಳ್ಳಿ: ಈಮ್

ಇಂಗ್ಲೆಂಡಿನ ಚರಿತ್ರೆಯನ್ನು ಓದುವ ವಿದ್ಯಾರ್ಥಿಗಳಾದ ನಮಗೆ ೧೬೬೫ ಮತ್ತು ೧೬೬೬ ಎಂಬ ಎರಡು ಇಸವಿಗಳು ಬಾಯಿಪಾಠವಾಗಿರುತ್ತವೆ. ಮೊದಲನೆಯದು ಲಂಡನ್ನಿನ ಮಹಾ ಪ್ಲೇಗಿನ ವರ್ಷ. ಎರಡನೆಯದು ಅದೇ ನಗರದ ಮಹಾ ಅಗ್ನಿಯ ವರ್ಷ. ಎರಡನೆಯ ಚಾರ್ಲ್ಸ್ ದೊರೆಯ ಆಳಿಕೆಯ ಪಾಠದಲ್ಲಿ ಇವೆರಡೂ ಸೇರಿ ನಾಲ್ಕಾರು ಸಾಲುಗಳಲ್ಲಿ ಮುಗಿದುಹೋಗುತ್ತವೆ. ಆ ಎರಡು ವರ್ಷಗಳಲ್ಲಿ ರಾಜಧಾನಿಯಿಂದ ಸುಮಾರು ನೂರೈವತ್ತು ಮೈಲಿ ದೂರದ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ ನಡೆದದ್ದೇನು ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ. ಆ ಹಳ್ಳಿಯ ಹೆಸರು ಈಮ್. ಚರಿತ್ರೆಯೆಂದರೆ ಅರಸರ ಪಟ್ಟಾಭಿಷೇಕ, ಯುದ್ಧ, ಒಪ್ಪಂದಗಳಷ್ಟೇ ಅಲ್ಲ, ಸಾಮಾನ್ಯ ಜನರು ಸಂಕಟದ ಹೊತ್ತಿನಲ್ಲಿ ಹೇಗೆ ನಡೆದುಕೊಂಡರೆಂಬುದೂ ಚರಿತ್ರೆಯೇ ಎಂದು ಒಪ್ಪುವವರು ಈ ಊರಿನ ಕಥೆಯನ್ನು ತಿಳಿಯತಕ್ಕದ್ದು.

ಊರಿನ ನೆಲೆ

ಈಮ್ ಹಳ್ಳಿಯು ಇಂಗ್ಲೆಂಡಿನ ಮಧ್ಯಭಾಗದ ಡಾರ್ಬಿಷೈರ್ ಪ್ರಾಂತದಲ್ಲಿದೆ. ಉಕ್ಕಿನ ಕೈಗಾರಿಕೆಗೆ ಹೆಸರಾದ ಷೆಫೀಲ್ಡ್ ನಗರಕ್ಕೆ ನೈಋತ್ಯದಲ್ಲಿ ಸುಮಾರು ಹನ್ನೆರಡು ಮೈಲಿ. ಸುತ್ತಲಿನ ಗುಡ್ಡಸೀಮೆಗೆ ಪೀಕ್ ಡಿಸ್ಟ್ರಿಕ್ಟ್ ಎಂದು ಹೆಸರು. ೧೯೫೧ರಲ್ಲಿ ಬ್ರಿಟನ್ ದೇಶದ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದದ್ದು ಈ ಸೀಮೆಯೇ. ಊರಿನ ದಕ್ಷಿಣಕ್ಕೆ ಸುಣ್ಣಕಲ್ಲಿನ ನೆಲ. ಉತ್ತರಕ್ಕೆ ಮರಳುಗಲ್ಲಿನ ಎತ್ತರವಾದ ಏಣು. ಇವೆರಡರ ನಡುವೆ ಒಂದೇ ಉದ್ದ ಬೀದಿಯಾಗಿ ಊರು ಹಬ್ಬಿಕೊಂಡಿದೆ. ಬೂದುಬಣ್ಣದ ಕಲ್ಲಿನ ಮನೆಗಳು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಕಟ್ಟಿದ ಹೊಲದ ಗೋಡೆಗಳು, ಕುರಿ ಮೇಯುವ ಹಸಿರು ಇಳಿಜಾರುಗಳು ಕಣ್ಣಿಗೆ ಮೊದಲು ಬೀಳತಕ್ಕವು. ಈಗ ಇಲ್ಲಿನ ಜನಸಂಖ್ಯೆ ಒಂದು ಸಾವಿರದ ಆಸುಪಾಸಿನಲ್ಲಿದೆ.

ಊರು ಬಹಳ ಹಳೆಯದು. ವಿಜಯಿ ವಿಲಿಯಮ್ ದೊರೆಯು ೧೦೮೬ರಲ್ಲಿ ಮಾಡಿಸಿದ ಡೂಮ್ಸ್‌ಡೇ ಎಂಬ ಭೂದಾಖಲೆಯಲ್ಲಿ ಇದರ ಹೆಸರಿದೆ. ಅದಕ್ಕೂ ಹಿಂದಿನ, ಎಂಟನೆಯ ಶತಮಾನದ್ದೆನ್ನಲಾದ ಒಂದು ಕಲ್ಲಿನ ಶಿಲುಬೆಯು ಊರಿನ ಚರ್ಚಿನ ಅಂಗಳದಲ್ಲಿ ಇಂದಿಗೂ ನಿಂತಿದೆ. ಅದರ ಮೇಲೆ ಬಳ್ಳಿಯ ಸುರುಳಿಗಳನ್ನೂ ದೇವದೂತರ ಆಕೃತಿಗಳನ್ನೂ ಕೆತ್ತಿದ್ದಾರೆ. ಕಂಬದ ಒಂದು ತುಂಡು ಕಾಣೆಯಾಗಿರುವುದರಿಂದ ಶಿಲುಬೆಯು ಮೊದಲಿದ್ದಷ್ಟು ಎತ್ತರವಾಗಿಲ್ಲ. ಶತಮಾನಗಳ ಕಾಲ ಈ ಊರಿನ ಜನರಿಗೆ ಜೀವನಾಧಾರವಾಗಿದ್ದವು ಎರಡು: ಒಂದು ಬೇಸಾಯ ಮತ್ತು ಕುರಿಸಾಕಣೆ, ಇನ್ನೊಂದು ನೆಲದಡಿಯ ಸೀಸದ ಗಣಿ. ಒಟ್ಟಿನಲ್ಲಿ ಹದಿನೇಳನೆಯ ಶತಮಾನದ ಈಮ್ ದುಡಿದು ತಿನ್ನುವವರ ಊರು. ಲೋಕದ ಗಮನವನ್ನು ಸೆಳೆಯುವಂತಹ ವಿಶೇಷವೇನೂ ಅದರಲ್ಲಿರಲಿಲ್ಲ.

ಸೋಂಕು ಬಂದ ಬಗೆ

೧೬೬೫ರ ಬೇಸಗೆಯಲ್ಲಿ ಲಂಡನ್ನಿನಲ್ಲಿ ಪ್ಲೇಗು ತಾಂಡವವಾಡುತ್ತಿತ್ತು. ಆ ವರ್ಷ ಅಲ್ಲಿ ಪ್ಲೇಗಿನಿಂದಲೇ ಸತ್ತರೆಂದು ದಾಖಲಾದವರು ೬೮,೦೦೦ಕ್ಕೂ ಹೆಚ್ಚು. ನಿಜವಾದ ಸಂಖ್ಯೆ ಒಂದು ಲಕ್ಷದ ಹತ್ತಿರವಿದ್ದಿರಬೇಕೆಂದು ವಿದ್ವಾಂಸರ ಅಂದಾಜು. ಈಮ್‌ನಲ್ಲಿ ಆಗ ಹ್ಯಾಡ್‌ಫೀಲ್ಡ್ ಎಂಬ ದರ್ಜಿಯಿದ್ದನು. ಅವನ ಮನೆಗೆ ಲಂಡನ್ನಿನಿಂದ ಬಟ್ಟೆಯ ಗಂಟೊಂದು ಬಂದಿತೆಂದೂ, ಬಟ್ಟೆಗೆ ತೇವ ತಗುಲಿದ್ದುದರಿಂದ ಜಾರ್ಜ್ ವಿಕರ್ಸ್ ಎಂಬ ಕೆಲಸಗಾರನು ಅದನ್ನು ಬಿಚ್ಚಿ ಒಲೆಯ ಮುಂದೆ ಹರವಿದನೆಂದೂ, ಅದರಲ್ಲಿ ಅಡಗಿದ್ದ ಚಿಗಟಗಳು ರೋಗವನ್ನು ತಂದವೆಂದೂ ಊರಿನ ಪರಂಪರೆ ಹೇಳುತ್ತದೆ. ಚರ್ಚಿನ ದಾಖಲೆಯ ಪ್ರಕಾರ ಜಾರ್ಜ್ ವಿಕರ್ಸನನ್ನು ೧೬೬೫ರ ಸೆಪ್ಟೆಂಬರ್ ೭ರಂದು ಮಣ್ಣುಮಾಡಿದರು. ಸುಮಾರು ಎರಡು ವಾರ ಕಳೆಯುವ ಹೊತ್ತಿಗೆ ಅದೇ ಮನೆಯ ಚಿಕ್ಕ ಹುಡುಗನೊಬ್ಬನು ತೀರಿಕೊಂಡನು. ಆಮೇಲೆ ನೆರೆಮನೆ, ಅದರಾಚೆಯ ಮನೆ. ವರ್ಷದ ಕೊನೆಯ ಹೊತ್ತಿಗೆ ಸತ್ತವರು ನಲವತ್ತಕ್ಕೂ ಹೆಚ್ಚು.

ಅಂದಿನ ಜನರಿಗೆ ರೋಗದ ಕಾರಣ ತಿಳಿದಿರಲಿಲ್ಲ. ಕೆಟ್ಟ ಗಾಳಿಯೆಂದು ಕೆಲವರು, ದೇವರ ಕೋಪವೆಂದು ಕೆಲವರು ಭಾವಿಸಿದ್ದರು. ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ ಎಂಬ ವಿಜ್ಞಾನಿಯು ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದು ೧೮೯೪ರಲ್ಲಿ. ಇಲಿಯ ಮೈಮೇಲಿನ ಚಿಗಟವು ಅದನ್ನು ಹರಡುತ್ತದೆಂದು ಸೈಮಂಡ್ ಎಂಬ ವೈದ್ಯನು ಕರಾಚಿಯಲ್ಲಿ ಕಂಡುಕೊಂಡದ್ದು ೧೮೯೮ರಲ್ಲಿ. ಈಮ್‌ನ ಜನರು ಈ ತಿಳಿವಳಿಕೆಗೆ ಇನ್ನೂರ ಮೂವತ್ತು ವರ್ಷಗಳಷ್ಟು ಹಿಂದಿದ್ದರು. ಒಬ್ಬರಿಂದ ಒಬ್ಬರಿಗೆ ಹೇಗೋ ಸೋಂಕು ತಗಲುತ್ತದೆಂಬ ಅನುಭವವೊಂದೇ ಅವರ ಬಳಿ ಇದ್ದದ್ದು.

ಇಬ್ಬರು ಪಾದ್ರಿಗಳು

ಚಳಿಗಾಲದಲ್ಲಿ ಸಾವು ಕಡಮೆಯಾಯಿತು. ೧೬೬೬ರ ಬೇಸಗೆ ಬರುತ್ತಲೇ ರೋಗವು ಮತ್ತೆ ತಲೆಯೆತ್ತಿತು. ಊರು ಬಿಟ್ಟು ಹೋಗುವ ಯೋಚನೆ ಹಲವರಿಗೆ ಬಂದಿತು. ಅನುಕೂಲಸ್ಥರಾದ ಕೆಲವರು ಅಷ್ಟರೊಳಗೆ ಹೊರಟೂ ಹೋಗಿದ್ದರು. ಉಳಿದವರೂ ಹೊರಟಿದ್ದರೆ ರೋಗವು ಅವರ ಬೆನ್ನಹಿಂದೆಯೇ ಷೆಫೀಲ್ಡಿಗೂ ಸುತ್ತಲಿನ ಹಳ್ಳಿಗಳಿಗೂ ಹೋಗುವ ಸಂಭವವಿತ್ತು.

ಊರಿನ ಪಾದ್ರಿಯಾದ ವಿಲಿಯಮ್ ಮಾಂಪೆಸನ್ ಆಗ ಇಪ್ಪತ್ತೆಂಟರ ಸುಮಾರಿನ ಯುವಕ. ೧೬೬೪ರಲ್ಲಷ್ಟೇ ಅಲ್ಲಿಗೆ ಬಂದಿದ್ದವನು. ಜನರಿಗೆ ಅವನ ಮೇಲೆ ಅಷ್ಟಾಗಿ ವಿಶ್ವಾಸವಿರಲಿಲ್ಲ. ಅವರು ಮನಸಾರೆ ಗೌರವಿಸುತ್ತಿದ್ದುದು ಹಿಂದಿನ ಪಾದ್ರಿಯಾದ ಥಾಮಸ್ ಸ್ಟ್ಯಾನ್ಲಿಯನ್ನು. ಸ್ಟ್ಯಾನ್ಲಿಯು ಪ್ಯೂರಿಟನ್ ಪಂಥದವನು. ಎಲ್ಲ ಪಾದ್ರಿಗಳೂ ಒಂದೇ ಪ್ರಾರ್ಥನಾ ಪುಸ್ತಕವನ್ನು ಅನುಸರಿಸಬೇಕೆಂಬ ೧೬೬೨ರ ಏಕರೂಪತಾ ಶಾಸನಕ್ಕೆ ಒಪ್ಪದೆ ಹುದ್ದೆ ಕಳೆದುಕೊಂಡ ಸುಮಾರು ೨,೦೦೦ ಮಂದಿ ಪಾದ್ರಿಗಳಲ್ಲಿ ಅವನೂ ಒಬ್ಬ. ಹೀಗೆ ಹೊರಬಿದ್ದವರು ತಾವು ಹಿಂದೆ ಪಾದ್ರಿಗಳಾಗಿದ್ದ ಊರಿನ ಐದು ಮೈಲಿಯೊಳಗೆ ಸುಳಿಯಬಾರದೆಂದು ೧೬೬೫ರಲ್ಲಿ ಇನ್ನೊಂದು ಶಾಸನವಾಯಿತು. ಆ ಶಾಸನವನ್ನು ಮಾಡಿದ ಪಾರ್ಲಿಮೆಂಟು ಪ್ಲೇಗಿಗೆ ಹೆದರಿ ಲಂಡನ್ನನ್ನು ಬಿಟ್ಟು ಆಕ್ಸ್‌ಫರ್ಡಿನಲ್ಲಿ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಸ್ಟ್ಯಾನ್ಲಿಯಾದರೋ ಈಮ್‌ನಲ್ಲಿಯೇ ಉಳಿದಿದ್ದನು.

ಒಬ್ಬನು ಸರ್ಕಾರ ನೇಮಿಸಿದ ಪಾದ್ರಿ, ಇನ್ನೊಬ್ಬನು ಸರ್ಕಾರ ಹೊರದೂಡಿದ ಪಾದ್ರಿ. ಮತವಿಚಾರದಲ್ಲಿ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಇಂತಹವರಿಬ್ಬರು ೧೬೬೬ರ ಜೂನ್ ತಿಂಗಳಲ್ಲಿ ಒಟ್ಟಿಗೆ ಕುಳಿತು ಆಲೋಚಿಸಿ, ಒಟ್ಟಿಗೆ ಜನರ ಮುಂದೆ ನಿಂತು ಮೂರು ಮಾತುಗಳನ್ನು ಹೇಳಿದರು. ಮೊದಲನೆಯದು, ಸತ್ತವರನ್ನು ಚರ್ಚಿಗೆ ತರದೆ ಆಯಾ ಮನೆಯವರೇ ತಮ್ಮ ಹಿತ್ತಿಲಿನಲ್ಲೋ ಹೊಲದಲ್ಲೋ ಬೇಗನೆ ಮಣ್ಣುಮಾಡಬೇಕು. ಎರಡನೆಯದು, ಚರ್ಚಿನ ಬಾಗಿಲು ಮುಚ್ಚಿ ಬಯಲಿನಲ್ಲಿ ಪ್ರಾರ್ಥನೆ ಮಾಡಬೇಕು. ಒಂದು ಕುಟುಂಬಕ್ಕೂ ಇನ್ನೊಂದಕ್ಕೂ ನಡುವೆ ಅಂತರವಿರಬೇಕು. ಮೂರನೆಯದೇ ಎಲ್ಲಕ್ಕಿಂತ ಕಠಿಣವಾದದ್ದು: ರೋಗ ತೀರುವ ತನಕ ಊರಿನವರಾರೂ ಎಲ್ಲೆಯನ್ನು ದಾಟಬಾರದು, ಹೊರಗಿನವರಾರೂ ಒಳಗೆ ಬರಬಾರದು.

ಜನರು ಒಪ್ಪಿದರು. ಹೊಸ ಪಾದ್ರಿಯೊಬ್ಬನೇ ಹೇಳಿದ್ದರೆ ಬಹುಶಃ ಒಪ್ಪುತ್ತಿರಲಿಲ್ಲ. ಹಳೆಯ ಪಾದ್ರಿಯೊಬ್ಬನೇ ಹೇಳಿದ್ದರೆ ಹೊರಗಿನ ಅಧಿಕಾರಿಗಳು ಆ ಮಾತಿಗೆ ಬೆಲೆ ಕೊಡುತ್ತಿದ್ದರೆಂದು ತೋರುವುದಿಲ್ಲ. ಮಾಂಪೆಸನ್ ತನ್ನ ಇಬ್ಬರು ಮಕ್ಕಳನ್ನು ಮೊದಲೇ ಯಾರ್ಕ್‌ಷೈರಿಗೆ ಕಳುಹಿಸಿದ್ದನು. ಹೆಂಡತಿ ಕ್ಯಾಥರೀನಳಿಗೂ ಹೊರಡೆಂದು ಹೇಳಿದನು. ಆಕೆ ಗಂಡನನ್ನು ಬಿಟ್ಟು ಹೋಗಲಾರೆನೆಂದು ನಿಂತಳು.

ಎಲ್ಲೆಯ ಕಲ್ಲು

ಬಾಗಿಲು ಮುಚ್ಚಿಕೊಂಡ ಊರು ಉಣ್ಣುವುದೇನನ್ನು? ಈ ಕಥೆಯನ್ನು ಹೇಳುವವರು ತ್ಯಾಗವನ್ನು ಮೆಚ್ಚುವ ಭರದಲ್ಲಿ ಇದನ್ನು ಮರೆಯುವುದುಂಟು. ಕೆಲವೇ ಮೈಲಿಗಳ ಆಚೆ ಚಾಟ್ಸ್‌ವರ್ತ್ ಎಂಬ ಅರಮನೆಯಲ್ಲಿದ್ದ ಡೆವನ್‌ಷೈರಿನ ಅರ್ಲ್ ಪ್ರಭುವು ಊರಿಗೆ ಬೇಕಾದ ಆಹಾರವನ್ನೂ ಔಷಧಿಯನ್ನೂ ಒದಗಿಸುವ ಭಾರವನ್ನು ಹೊತ್ತನು. ನೆರೆಹಳ್ಳಿಗಳವರು ರೊಟ್ಟಿ, ಮಾಂಸ ಮೊದಲಾದವನ್ನು ತಂದು ಎಲ್ಲೆಯಲ್ಲಿಟ್ಟು ಹೋಗುತ್ತಿದ್ದರು. ಸ್ಟೋನಿ ಮಿಡ್ಲ್‌ಟನ್ ಎಂಬ ನೆರೆಯ ಊರಿಗೆ ಹೋಗುವ ಕಾಲುದಾರಿಯಲ್ಲಿ ಒಂದು ದೊಡ್ಡ ಬಂಡೆಯಿದೆ. ಅದರ ಮೇಲೆ ಕೆಲವು ಕುಳಿಗಳನ್ನು ಕೊರೆದಿದ್ದಾರೆ. ಸೋಂಕು ತೊಳೆದುಹೋಗಲೆಂದು ಆ ಕುಳಿಗಳಲ್ಲಿ ಹುಳಿಯಾದ ವಿನಿಗರನ್ನು ತುಂಬಿ, ಪದಾರ್ಥಗಳ ಬೆಲೆಯ ನಾಣ್ಯಗಳನ್ನು ಅದರಲ್ಲಿ ಮುಳುಗಿಸಿಡುತ್ತಿದ್ದರು. ಊರಿನ ಉತ್ತರಕ್ಕೆ ಮಾಂಪೆಸನನ ಬಾವಿಯೆಂದು ಕರೆಯುವ ಒಂದು ಒರತೆಯಿದೆ. ಅಲ್ಲಿಯೂ ಇದೇ ಕ್ರಮ.

ಈ ಕಲ್ಲಿನ ಅರ್ಥವನ್ನು ಸ್ವಲ್ಪ ಯೋಚಿಸಬೇಕು. ಹೊರಗಿನವನು ಪದಾರ್ಥವನ್ನಿಟ್ಟು, ಒಳಗಿನವನು ಪ್ರಾಮಾಣಿಕವಾಗಿ ಹಣವಿಟ್ಟಾನೆಂದೂ ಎಲ್ಲೆ ದಾಟಿ ಬಾರನೆಂದೂ ನಂಬಬೇಕು. ಒಳಗಿನವನು, ನಾಳೆಯೂ ರೊಟ್ಟಿ ಬಂದೀತೆಂದು ನಂಬಬೇಕು. ಎರಡು ನಂಬಿಕೆಗಳಲ್ಲಿ ಒಂದು ಮುರಿದರೂ ಇನ್ನೊಂದು ನಿಲ್ಲದು. ಅದೇ ಕಾಲದಲ್ಲಿ ಲಂಡನ್ನಿನಲ್ಲಿ ರೋಗ ಬಂದ ಮನೆಗೆ ಹೊರಗಿನಿಂದ ಬೀಗ ಜಡಿದು, ಬಾಗಿಲಿಗೆ ಕೆಂಪು ಶಿಲುಬೆ ಬರೆದು, ಕಾವಲಿಡುತ್ತಿದ್ದರು. ಆದರೂ ಜನರು ತಪ್ಪಿಸಿಕೊಂಡು ಓಡಿದ ಪ್ರಸಂಗಗಳು ಹೇರಳ. ಈಮ್‌ನ ಸುತ್ತ ಗೋಡೆಯೇ ಇರಲಿಲ್ಲ.

ಹದಿನಾಲ್ಕು ತಿಂಗಳು

ಜುಲೈ ಮತ್ತು ಆಗಸ್ಟ್ ತಿಂಗಳುಗಳು ಅತಿ ಭೀಕರವಾದವು. ಆಗಸ್ಟ್ ಒಂದೇ ತಿಂಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಊರಿನ ಪೂರ್ವಕ್ಕಿರುವ ರೈಲಿ ಎಂಬ ಹೊಲಮನೆಯಲ್ಲಿದ್ದ ಎಲಿಜಬೆತ್ ಹ್ಯಾನ್‌ಕಾಕ್ ಎಂಬ ಹೆಂಗಸು ಆ ತಿಂಗಳ ಎಂಟು ದಿನಗಳೊಳಗೆ ತನ್ನ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡಳು. ನೆರವಿಗೆ ಬರುವವರಿಲ್ಲದೆ ಏಳು ಗುಂಡಿಗಳನ್ನು ತಾನೇ ತೋಡಿ, ಏಳು ಹೆಣಗಳನ್ನು ತಾನೇ ಎಳೆದು ಮಣ್ಣುಮಾಡಿದಳು. ಹೆಣ ಹೂಳುವ ಕೆಲಸವನ್ನು ಊರಿನಲ್ಲಿ ಮಾರ್ಷಲ್ ಹೌ ಎಂಬವನು ವಹಿಸಿಕೊಂಡಿದ್ದನು. ಅವನಿಗೆ ರೋಗ ಬಂದು ವಾಸಿಯಾಗಿತ್ತು. ಮತ್ತೆ ಬಾರದೆಂಬ ಧೈರ್ಯದಿಂದ ಹೂಳಿದ್ದಕ್ಕೆ ಪ್ರತಿಫಲವಾಗಿ ಸತ್ತವರ ಸಾಮಾನುಗಳನ್ನು ಕೊಂಡೊಯ್ಯುತ್ತಿದ್ದನಂತೆ. ಅವನ ಹೆಂಡತಿಯೂ ಮಗನೂ ಅದೇ ರೋಗಕ್ಕೆ ಬಲಿಯಾದರು. ಎಲ್ಲರೂ ಮಹಾತ್ಮರಾಗಿದ್ದ ಊರು ಇದಲ್ಲವೆಂಬುದಕ್ಕಾಗಿ ಇದನ್ನು ಹೇಳಿದೆ.

ಆಗಸ್ಟ್ ೨೫ರಂದು ಪಾದ್ರಿಯ ಹೆಂಡತಿ ಕ್ಯಾಥರೀನಳೂ ತೀರಿಕೊಂಡಳು. ಆಕೆಗೆ ಇಪ್ಪತ್ತೇಳು ವರ್ಷ. ೧೬೬೬ರ ನವೆಂಬರ್ ೧ರಂದು ಕೊನೆಯ ಸಾವು ಸಂಭವಿಸಿತು. ಆ ತಿಂಗಳು ಬರೆದ ಕಾಗದವೊಂದರಲ್ಲಿ ಮಾಂಪೆಸನನು, ತನ್ನ ಊರಿನ ೭೬ ಕುಟುಂಬಗಳಿಗೆ ರೋಗ ತಗುಲಿ ೨೫೯ ಮಂದಿ ಸತ್ತರೆಂದು ಲೆಕ್ಕ ಕೊಟ್ಟಿದ್ದಾನೆ. ಆಗ ಊರಿನ ಜನಸಂಖ್ಯೆ ೩೫೦ ಎಂದು ಹಿಂದೆ ಹೇಳುತ್ತಿದ್ದರು. ಈಚಿನ ವಿದ್ವಾಂಸರು ಅಂದಿನ ತೆರಿಗೆಯ ಲೆಕ್ಕಗಳನ್ನು ನೋಡಿ ಅದರ ಎರಡರಷ್ಟು, ಅಂದರೆ ೭೦೦ರ ಸುಮಾರು ಇದ್ದಿರಬೇಕೆಂದು ಅಭಿಪ್ರಾಯಪಡುತ್ತಾರೆ. ಹಾಗಿದ್ದರೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಸತ್ತಂತಾಯಿತು.

ಸ್ಟ್ಯಾನ್ಲಿಯು ೧೬೭೦ರಲ್ಲಿ ಈಮ್‌ನಲ್ಲಿಯೇ ತೀರಿಕೊಂಡನು. ಮಾಂಪೆಸನನು ನಾಟಿಂಗ್‌ಹ್ಯಾಮ್‌ಷೈರಿನ ಈಕ್‌ರಿಂಗ್ ಎಂಬ ಊರಿಗೆ ಪಾದ್ರಿಯಾಗಿ ಹೋದನು. ಪ್ಲೇಗಿನ ಊರಿನಿಂದ ಬಂದವನೆಂದು ಅಲ್ಲಿನ ಜನರು ಹೆದರಿ ಅವನನ್ನು ಹತ್ತಿರ ಸೇರಿಸದೆ, ಕೆಲಕಾಲ ಊರಾಚೆಯ ಗುಡಿಸಲಿನಲ್ಲಿ ಇರಗೊಟ್ಟರಂತೆ. ೧೭೦೯ರಲ್ಲಿ ಅವನು ಮರಣಹೊಂದಿದನು.

ಇಂದು ನೋಡತಕ್ಕವು

ಇಂದು ಈಮ್‌ಗೆ ಪ್ರವಾಸಿಗಳು ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ಬೀದಿಯಲ್ಲಿ ನಡೆಯುತ್ತ ಹೋದಂತೆ ಮನೆಗಳ ಮುಂದೆ ಸಣ್ಣ ಹಲಗೆಗಳು ಕಾಣುತ್ತವೆ. ಆ ಮನೆಯಲ್ಲಿ ಪ್ಲೇಗಿನಿಂದ ಸತ್ತವರ ಹೆಸರನ್ನೂ ದಿನಾಂಕವನ್ನೂ ಅವುಗಳ ಮೇಲೆ ಬರೆದಿದ್ದಾರೆ. ಮೊದಲ ಸಾವು ಸಂಭವಿಸಿದ ದರ್ಜಿಯ ಮನೆ ಚರ್ಚಿನ ಹತ್ತಿರವೇ ಇದೆ. ಚರ್ಚಿನ ಅಂಗಳದಲ್ಲಿ ಪುರಾತನ ಶಿಲುಬೆಯ ಜೊತೆಗೆ ಕ್ಯಾಥರೀನಳ ಗೋರಿಯುಂಟು. ಚರ್ಚಿನ ಗೋಡೆಯ ಮೇಲೆ ೧೭೭೫ರ ಒಂದು ನೆರಳುಗಡಿಯಾರವಿದೆ; ಸ್ಥಳೀಯ ವೇಳೆಯ ಜೊತೆಗೆ ಪ್ರಪಂಚದ ಬೇರೆ ಕೆಲವು ಊರುಗಳ ವೇಳೆಯನ್ನೂ ತಿಳಿಯುವಂತೆ ಅದನ್ನು ಜಾಣ್ಮೆಯಿಂದ ರಚಿಸಿದ್ದಾರೆ. ಪ್ಲೇಗು ಮುಗಿದ ಕೆಲವೇ ವರ್ಷಗಳಲ್ಲಿ ರೈಟ್ ಎಂಬ ಮನೆತನದವರು ಕಟ್ಟಿಸಿದ ಈಮ್ ಹಾಲ್ ಎಂಬ ದೊಡ್ಡ ಮನೆಯೂ, ಅದರೆದುರಿನ ಹಸಿರು ಬಯಲಿನಲ್ಲಿ ಹಿಂದೆ ತಪ್ಪಿತಸ್ಥರ ಕಾಲಿಗೆ ತೊಡಿಸುತ್ತಿದ್ದ ಮರದ ಕೋಳವೂ ಉಳಿದಿವೆ. ೧೯೯೪ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಪ್ಲೇಗಿನ ಇತಿಹಾಸವಲ್ಲದೆ ಊರಿನ ಗಣಿ, ರೇಷ್ಮೆ ನೇಯ್ಗೆ, ಪಾದರಕ್ಷೆ ತಯಾರಿಕೆಗಳ ಇತಿಹಾಸವೂ ದೊರೆಯುತ್ತದೆ.

ಊರಾಚೆ ಹೊಲದ ನಡುವೆ ಸಣ್ಣ ಕಲ್ಲುಗೋಡೆಯೊಳಗೆ ಹ್ಯಾನ್‌ಕಾಕ್ ಮನೆಯವರ ಸಮಾಧಿಕಲ್ಲುಗಳಿವೆ. ಬಯಲುಪ್ರಾರ್ಥನೆ ನಡೆದ ಕಣಿವೆಗೆ ಕಕ್ಲೆಟ್ ಡೆಲ್ಫ್ ಎಂದು ಹೆಸರು. ಆಗಸ್ಟ್ ತಿಂಗಳ ಕೊನೆಯ ಭಾನುವಾರ ಅಲ್ಲಿ ಸತ್ತವರ ನೆನಪಿಗಾಗಿ ಪ್ರಾರ್ಥನೆ ನಡೆಯುತ್ತದೆ. ಅದೇ ಸಮಯದಲ್ಲಿ ಊರಿನ ನೀರಿನ ತಾಣಗಳನ್ನು ಸಿಂಗರಿಸುವ ಹಬ್ಬವೂ ಉಂಟು. ಹಲಗೆಗೆ ಹಸಿ ಜೇಡಿಮಣ್ಣು ಮೆತ್ತಿ, ಹೂವಿನ ಎಸಳು, ಎಲೆ, ಪಾಚಿ, ಬೀಜಗಳನ್ನು ಒಂದೊಂದಾಗಿ ಒತ್ತಿ ಚಿತ್ರ ಬಿಡಿಸಿ ಬಾವಿಯ ಬಳಿ ನಿಲ್ಲಿಸುವ ಈ ಕಲೆ ಡಾರ್ಬಿಷೈರಿನ ವೈಶಿಷ್ಟ್ಯ.

ಇತಿಹಾಸಕಾರರ ಪ್ರಶ್ನೆ

ಮೆಚ್ಚಿಕೆಯ ಕಥೆಯನ್ನು ಇತಿಹಾಸದ ವಿದ್ಯಾರ್ಥಿಯು ಪ್ರಶ್ನಿಸದೆ ಬಿಡಬಾರದು. ಈಮ್‌ನ ಕಥೆಗೆ ಇಂದಿನ ರೂಪ ಬಂದದ್ದು ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ. ಈ ಊರಿನಲ್ಲೇ ೧೭೪೨ರಲ್ಲಿ ಹುಟ್ಟಿದ ಕವಯಿತ್ರಿ ಆನಾ ಸೆವಾರ್ಡ್ ಅದನ್ನು ಭಾವಪೂರ್ಣವಾಗಿ ಬರೆದಳು. ವಿಲಿಯಮ್ ವುಡ್ ಎಂಬ ಸ್ಥಳೀಯ ಲೇಖಕನು ೧೮೪೨ರಲ್ಲಿ ಊರಿನ ಇತಿಹಾಸವನ್ನು ಪ್ರಕಟಿಸಿ, ಜನರ ಬಾಯಲ್ಲಿದ್ದ ಐತಿಹ್ಯಗಳನ್ನೆಲ್ಲ ಸೇರಿಸಿದನು. ಎಲ್ಲೆಯ ಆಚೆಯಿಂದ ತನ್ನ ಪ್ರಿಯೆ ಎಮಟ್ ಸಿಡಾಲಳನ್ನು ನೋಡಲು ಬರುತ್ತಿದ್ದ ರೋಲೆಂಡನ ಕಥೆ ಅಂತಹ ಐತಿಹ್ಯಗಳಲ್ಲೊಂದು. ಬಡವರಾದ ಗಣಿಯಾಳುಗಳಿಗೆ ಹೋಗಲು ಬೇರೆ ಜಾಗವಾದರೂ ಎಲ್ಲಿತ್ತು, ಅವರು ಉಳಿದದ್ದು ಪೂರ್ತಿ ಸ್ವಂತ ಇಚ್ಛೆಯಿಂದಲೇ, ಒಟ್ಟಿಗೆ ಉಳಿದದ್ದರಿಂದಲೇ ಸಾವು ಹೆಚ್ಚಲಿಲ್ಲವೇ ಎಂದು ಈಚಿನ ವಿಮರ್ಶಕರು ಕೇಳುತ್ತಾರೆ. ಪ್ರಶ್ನೆಗಳು ನ್ಯಾಯವಾದವು.

ಒಂದು ಸಂಗತಿಯನ್ನು ಮಾತ್ರ ಇದರ ಜೊತೆಗೆ ಇಡಬೇಕು. ಚರ್ಚಿನ ದಾಖಲೆಯನ್ನು ಗಣಿತದ ಸಹಾಯದಿಂದ ಪರಿಶೀಲಿಸಿದ ಇಬ್ಬರು ವಿದ್ವಾಂಸರು ೨೦೧೬ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಈಮ್‌ನಲ್ಲಿ ರೋಗ ತಗುಲಿದ್ದರಲ್ಲಿ ಸುಮಾರು ಮುಕ್ಕಾಲು ಪಾಲು ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದೇ ಹೊರತು ನೇರವಾಗಿ ಇಲಿಗಳಿಂದಲ್ಲ ಎಂಬುದು ಅವರ ಮತ. ಇದು ನಿಜವಾದರೆ, ಕಾರಣ ತಿಳಿಯದೆಯೇ ಆ ಜನರು ಮಾಡಿದ ಕೆಲಸ ಸುತ್ತಲಿನ ಊರುಗಳ ಮಟ್ಟಿಗೆ ಸರಿಯಾದ ಕೆಲಸವೇ ಆಗಿತ್ತು.

ಪ್ಲೇಗಿನ ನೆನಪು ನಮ್ಮ ನಾಡಿಗೆ ಹೊಸದಲ್ಲ. ೧೮೯೮ರಲ್ಲಿ ಅದು ಬೆಂಗಳೂರಿಗೆ ಬಂದಾಗ ಮೈಸೂರು ಸೀಮೆಯ ಹಳ್ಳಿ ಪಟ್ಟಣಗಳು ತತ್ತರಿಸಿದವು. ಇಕ್ಕಟ್ಟಿನ ಪೇಟೆಯ ಆಚೆ ಮಲ್ಲೇಶ್ವರ, ಬಸವನಗುಡಿಗಳಂತಹ ವಿಶಾಲ ಬಡಾವಣೆಗಳು ಬೆಳೆದದ್ದು ಆ ಅನುಭವದಿಂದಲೇ. ಮನೆಯಲ್ಲಿ ಇಲಿ ಬಿದ್ದರೆ ಸಾಕು, ನಮ್ಮ ಹಿರಿಯರು ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಈಮ್‌ನವರು ಊರಿನಲ್ಲೇ ನಿಂತರು. ನಮ್ಮವರು ಊರನ್ನೇ ಬಿಟ್ಟರು. ದಾರಿಗಳು ಬೇರೆಯಾದರೂ ಎರಡಕ್ಕೂ ಹಿಂದಿದ್ದುದು ಜನರ ಅನುಭವದ ವಿವೇಕ. ೨೦೨೦ರಲ್ಲಿ ಕೊರೋನಾ ರೋಗವು ಲೋಕದ ಬಾಗಿಲುಗಳನ್ನೆಲ್ಲ ಮುಚ್ಚಿಸಿದಾಗ ಈಮ್‌ನ ಹೆಸರು ಮತ್ತೆ ಎಲ್ಲೆಡೆ ಕೇಳಿಬಂದುದು ಸಹಜವೇ. ಒಳಗೆ ಉಳಿಯಿರೆಂದು ಹೇಳುವುದು ಸುಲಭವೆಂದೂ, ಒಳಗಿರುವವನಿಗೆ ಊಟ ಮುಟ್ಟಿಸುವುದು ಕಷ್ಟವೆಂದೂ ಆಗ ನಾವೆಲ್ಲ ಕಂಡೆವು.

ಆದಕಾರಣ ಈಮ್‌ನಲ್ಲಿ ನೋಡತಕ್ಕವುಗಳಲ್ಲಿ ಮುಖ್ಯವಾದದ್ದು ಯಾವುದೆಂದು ಕೇಳಿದರೆ, ಗೋರಿಗಳಿಗಿಂತಲೂ ಆ ಎಲ್ಲೆಯ ಕಲ್ಲೆಂದೇ ಹೇಳಬೇಕೆನಿಸುತ್ತದೆ. ಅದರ ಒಂದು ಕಡೆ ಸಾವನ್ನು ಹೊರಗೆ ಬಿಡೆವೆಂದು ನಿಂತವರು. ಇನ್ನೊಂದು ಕಡೆ ಅವರನ್ನು ಹಸಿವಿಗೆ ಬಿಡೆವೆಂದು ಬಂದವರು. ಮೂರೂವರೆ ಶತಮಾನಗಳ ಮಳೆಗಾಳಿಗೆ ಕುಳಿಗಳ ಅಂಚು ನುಣುಪಾಗಿದೆ. ವಿನಿಗರು ಎಂದೋ ಆರಿಹೋಗಿದೆ. ಅಲ್ಲಿಗೆ ನಡೆದು ಬಂದವರಲ್ಲಿ ಕೆಲವರು ಈಗಲೂ ಆ ಕುಳಿಗಳಲ್ಲಿ ಒಂದೊಂದು ನಾಣ್ಯವನ್ನು ಇಟ್ಟು ಹೋಗುತ್ತಾರೆ.